ಐವತ್ತೆಂಟನೆಯ ಸಂದೇಶ

ಪುಟ್ಟಿಗೆ ಮೂವತ್ತಾರು ವರ್ಷ, ಆದರೂ ಅವಳು ಪುಟ್ಟಿಯೇ. ಅಕ್ಕ ಇಟ್ಟ ಹೆಸರು ಮನೆ ದಾಟಿ ಬೀದಿಗೆ ಬಂದು, ಬೀದಿಯಿಂದ ಆಫೀಸಿನ ಮೆಟ್ಟಿಲು ಹತ್ತಿ ಕೂತುಬಿಟ್ಟಿತ್ತು. ಆಫೀಸೆಂದರೆ ಟೈರ್ ಅಂಗಡಿಯ ಮೇಲಿನ ಎರಡು ಕೋಣೆಗಳು. ಒಂದರಲ್ಲಿ ಯಜಮಾನರು, ಇನ್ನೊಂದರಲ್ಲಿ ಪುಟ್ಟಿ, ಬೆಸುಗೆ ಹಾಕುವ ಮೇಜು ಮತ್ತು ಮುಚ್ಚಳವಿಲ್ಲದ ಒಂದು ಕಂಪ್ಯೂಟರು. ಕೆಳಗೆ ಗಾಳಿ ತುಂಬುವ ಯಂತ್ರ ಶುರುವಾದರೆ ಮೇಲೆ ಮೇಜಿನ ಸ್ಕ್ರೂಗಳೆಲ್ಲ ಕುಣಿಯುತ್ತಿದ್ದವು. ಆ ಸದ್ದಿನಲ್ಲಿ ಯಜಮಾನರಿಗೆ ಫೋನು ಕೇಳಿಸುತ್ತಿರಲಿಲ್ಲ. ಕೇಳಿಸಿಕೊಳ್ಳಲು ಇಷ್ಟವಿಲ್ಲದ ಫೋನು ಬಂದಾಗಲೂ ಅವರು ಹೇಳುತ್ತಿದ್ದುದು ಅದೇ ನೆಪ.

ಕೋಳಿಮರಿ ಮಾಡುವ ಹ್ಯಾಚರಿಗಳಿಗೆ ಯಂತ್ರ ಮಾಡಿಕೊಡುವುದು ಅವರ ಕಸುಬು. ಕಾವುಪೆಟ್ಟಿಗೆಗಳ ಶಾಖ ನೋಡಿಕೊಂಡು, ಏರಿದರೆ ಇಳಿಸಿ, ಇಳಿದರೆ ಏರಿಸಿ, ಕೈಮೀರಿದರೆ ಪರದೆಯ ಮೇಲೆ ಕೂಗಿ ಹೇಳುವ ಯಂತ್ರ. ಮೊಟ್ಟೆಗೆ ಕಾವು ಕೊಡುವುದನ್ನು ಕೋಳಿಗೆ ಯಾರೂ ಕಲಿಸಬೇಕಾಗಿಲ್ಲ. ಯಂತ್ರಕ್ಕೆ ಒಂದೊಂದನ್ನೂ ಕಲಿಸಬೇಕು, ಕಲಿಸಿದ್ದನ್ನು ಇಟ್ಟುಕೊಳ್ಳಲು ಅದಕ್ಕೆ ಜಾಗ ಬೇಕು. ಆ ಕಾಲದ ಯಂತ್ರಕ್ಕೆ ಇದ್ದ ಮೆಮೊರಿ ಹದಿನಾರು ಸಾವಿರ ಚಿಲ್ಲರೆ ಅಕ್ಷರ ಹಿಡಿಯುವಷ್ಟು. ಇವತ್ತು ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಇಟ್ಟುಕೊಳ್ಳಲು ಅಂಥ ನೂರು ಯಂತ್ರ ಸಾಲಾಗಿ ನಿಲ್ಲಿಸಬೇಕಾದೀತು.

ಊರಂಚಿನ ಒಂದು ಹ್ಯಾಚರಿಯಲ್ಲಿ ಅಕ್ಕ ಕೆಲಸಕ್ಕಿದ್ದಳು. ಹನ್ನೊಂದು ವರ್ಷದಿಂದ ಅಲ್ಲೇ. ಪುಟ್ಟಿಗಿಂತ ಏಳು ವರ್ಷ ದೊಡ್ಡವಳು. ನಾಲ್ಕನೇ ಕ್ಲಾಸಿಗೇ ಶಾಲೆಗೆ ಕೈಮುಗಿದವಳು. ಅಕ್ಷರದ ಕೆಳಗೆ ಬೆರಳಿಟ್ಟು ನಿಧಾನಕ್ಕೆ ಓದುತ್ತಿದ್ದಳು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ "ಹೇಳೋಕೆ ಪುರುಸೊತ್ತಿಲ್ಲ, ಮರಿ ಹೊರಗೆ ಬರ್ತಿದಾವೆ" ಎಂದು ಎದ್ದುಹೋಗುತ್ತಿದ್ದಳು. ಅಕ್ಕತಂಗಿ ಇಬ್ಬರಿಗೂ ಸೇರಿ ಒಂದು ಅಡುಗೆಮನೆ, ಒಂದು ಮಲಗುವ ಕೋಣೆ, ಇಬ್ಬರ ತಟ್ಟೆ ಹಿಡಿಯುವಷ್ಟೇ ಅಗಲದ ಒಂದು ಮೇಜು.

ಯಂತ್ರ ಮೊದಲು ಬಂದಾಗ ಅದು "ಶಾಖದ ಮೌಲ್ಯ ಮಿತಿ ಮೀರಿದೆ, ದೋಷ ೧೪" ಎನ್ನುತ್ತಿತ್ತು. ಅದನ್ನು ಬರೆದವಳು ಪುಟ್ಟಿಯೇ, ಬರೆದು ಬೀಗಿದವಳೂ ಅವಳೇ. ಅಕ್ಕ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದಳು.

"ಅದ್ಯಾರಿಗೆ ಬೈತಿದೆ ಕಣೇ ನಿನ್ನ ಯಂತ್ರ? ನನಗೋ, ಮೊಟ್ಟೆಗೋ?"

"ಬೈತಿಲ್ಲ ಅಕ್ಕ. ಪೆಟ್ಟಿಗೆ ಕಾದಿದೆ ಅಂತ ಹೇಳ್ತಿದೆ."

"ಹಾಗಾದ್ರೆ ಹಾಗೇ ಹೇಳೋಕೇನು ದಾಡಿ?"

ಪುಟ್ಟಿ ಕಾಗದ ಪೆನ್ನು ತಂದಳು. ಆಮೇಲೆ ಹತ್ತು ಸಂಜೆ ಅಕ್ಕ ತರಕಾರಿ ಹೆಚ್ಚುತ್ತಾ ಹೇಳಿದಳು, ಪುಟ್ಟಿ ಬರೆದುಕೊಂಡಳು. "ಮೂರನೇ ಪೆಟ್ಟಿಗೆ ಕಾದುಹೋಗಿದೆ. ಬಾಗಿಲು ಅರ್ಧ ತೆಗೆ, ಮೊಟ್ಟೆ ಮುಟ್ಟಬೇಡ." "ನೀರಿನ ತಟ್ಟೆ ಒಣಗಿದೆ. ಮರಿ ಚಿಪ್ಪಿಗೆ ಅಂಟಿಕೊಂಡೀತು, ಈಗಲೇ ನೀರು ಹಾಕು." "ಫ್ಯಾನು ನಿಂತಿದೆ. ಯೋಚನೆ ಮಾಡುತ್ತಾ ನಿಲ್ಲಬೇಡ, ಕೆಳಗಿನ ಗುಂಡಿ ಒತ್ತು." ಹೀಗೆ ಅರವತ್ತೊಂದು ಸಂದೇಶ. ಯಜಮಾನರು ಓದಿ "ಇದೇನಮ್ಮಾ, ಯಂತ್ರ ನನ್ನ ಅತ್ತೆಯ ಹಾಗೆ ಮಾತಾಡುತ್ತೆ" ಎಂದು ಮೂಗು ಮುರಿದರು. ಆದರೆ ಹ್ಯಾಚರಿಯವರಿಗೆ ಅದೇ ಹಿಡಿಸಿತು. ಒಬ್ಬರು ಇನ್ನೊಬ್ಬರಿಗೆ ಹೇಳಿ ಎರಡು ವರ್ಷದಲ್ಲಿ ನಲವತ್ತು ಕಡೆ ಅಕ್ಕನ ಮಾತು ಪರದೆಯ ಮೇಲೆ ಮೂಡತೊಡಗಿತು. ಯಜಮಾನರ ಮೂಗು ತಾನಾಗಿ ನೆಟ್ಟಗಾಯಿತು.

ತಕರಾರು ಬಂದದ್ದು ಮೊಟ್ಟೆ ಹೊರಳಿಸುವ ವಿಷಯದಲ್ಲಿ. ಮೊದಲ ಹದಿನೆಂಟು ದಿನ ಮೊಟ್ಟೆಗಳನ್ನು ಗಂಟೆಗೊಮ್ಮೆ ಹೊರಳಿಸಬೇಕು, ಇಲ್ಲದಿದ್ದರೆ ಮರಿ ಒಂದೇ ಕಡೆ ಅಂಟಿಕೊಂಡು ಸಾಯುತ್ತದೆ. ಅದನ್ನೂ ಯಂತ್ರವೇ ಮಾಡಲಿ ಎಂದು ಹ್ಯಾಚರಿಯವರು ಕೇಳಿದರು. ಆಗಲಿ ಎಂದು ಯಜಮಾನರು ಮಾತು ಕೊಟ್ಟು ಬಂದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ನಮ್ಮ ಯಜಮಾನರು ಕಾಲು ಚಾಚಿದ ಮೇಲೆ ಹಾಸಿಗೆ ಹುಡುಕುವ ಪೈಕಿ. ಪುಟ್ಟಿ ನೋಡಿದರೆ ಹದಿನಾರು ಸಾವಿರದಲ್ಲಿ ಉಳಿದಿದ್ದ ಜಾಗ ಇನ್ನೂರು ಅಕ್ಷರ. ಹೊರಳಿಸುವ ಕೆಲಸಕ್ಕೆ ಬೇಕಾದದ್ದು ಮೂರು ಸಾವಿರ.

"ಆ ಉದ್ದುದ್ದ ಮಾತೆಲ್ಲ ಕಿತ್ತು ಬಿಸಾಕು," ಎಂದರು ಯಜಮಾನರು. "ನಂಬರ್ ಒಂದು ತೋರಿಸಿದ್ರೆ ಸಾಕು. ಪುಸ್ತಕ ಅಚ್ಚು ಹಾಕಿಸಿ ಕೊಡೋಣ. ನಂಬರ್ ನೋಡ್ತಾರೆ, ಪುಸ್ತಕ ತೆಗೀತಾರೆ, ಓದ್ತಾರೆ."

"ಪೆಟ್ಟಿಗೆ ಕಾಯ್ತಿರುವಾಗ ಪುಸ್ತಕ ತೆಗೆದು ಓದ್ತಾ ಕೂತರೆ ಮರಿಗಳು ಕಾಯ್ತವಾ ಸರ್?"

ಅವಳ ಕಣ್ಣ ಮುಂದೆ ಇದ್ದದ್ದು ಪುಟ ತಿರುವಿ, ಅಕ್ಷರದ ಕೆಳಗೆ ಬೆರಳಿಟ್ಟು ನಿಂತ ಅಕ್ಕ. ಮೂರು ದಿನ ಕೊಡಿ ಎಂದು ಕೇಳಿದಳು.

ಯಂತ್ರದಲ್ಲಿ ಒಂದು ಫ್ಲಾಪಿ ಇತ್ತು, ತೆಗೆದು ಹಾಕಬಹುದಾದ ತೆಳ್ಳನೆಯ ತಟ್ಟೆ. ಪ್ರತಿ ಹತ್ತು ನಿಮಿಷಕ್ಕೊಮ್ಮೆ ಪೆಟ್ಟಿಗೆಗಳ ಶಾಖ ಬರೆದಿಡಲು ಇಟ್ಟದ್ದು, ಮುಕ್ಕಾಲು ಪಾಲು ಖಾಲಿ. ಅಡುಗೆಮನೆ ಚಿಕ್ಕದಾದರೆ ಅಪರೂಪಕ್ಕೆ ಬೇಕಾಗುವ ದೊಡ್ಡ ಪಾತ್ರೆಯನ್ನು ಅಟ್ಟಕ್ಕೆ ಹಾಕುವುದಿಲ್ಲವೇ, ಹಾಗೆ ಸಂದೇಶಗಳನ್ನೆಲ್ಲ ಫ್ಲಾಪಿಯ ಮೇಲೆ ಬೇರೆಯೇ ಒಂದು ಕಡತದಲ್ಲಿ ಇಟ್ಟರೆ ಆಯಿತು. ಪ್ರೋಗ್ರಾಂ ಒಳಗೆ ಬರೀ ಸಂಖ್ಯೆ. ತಪ್ಪು ಕಂಡಾಗ ಯಂತ್ರ ಫ್ಲಾಪಿಗೆ ಹೋಗಿ, ಆ ಸಂಖ್ಯೆಯ ಸಾಲು ಹುಡುಕಿ ಓದಿ, ಪರದೆಗೆ ತಂದು ಹಾಕುತ್ತದೆ. ಅರ್ಧ ಸೆಕೆಂಡು ತಡ, ಅಷ್ಟೇ.

ಪುಟ್ಟಿ ಒಂದರಿಂದ ಅರವತ್ತೊಂದರವರೆಗೆ ಒಂದನ್ನೂ ಬಿಡದೆ ಸಾಗಿಸಿದಳು. ನಾಲ್ಕು ಸಾವಿರ ಅಕ್ಷರ ಖಾಲಿಯಾಯಿತು. ಮೊಟ್ಟೆ ಹೊರಳಿಸುವ ಕೆಲಸ ತುಂಬಿ ಇನ್ನೂ ಸಾವಿರ ಮಿಕ್ಕಿತು. ಅಕ್ಕನ ಒಂದು ಮಾತೂ ಕಳೆಯಲಿಲ್ಲ. ಮೂರನೆಯ ದಿನ ಸಂಜೆ ಯಜಮಾನರು ಕೆಳಗಿನ ಅಂಗಡಿಯವರನ್ನೂ ಕರೆದು ಚಹಾ ಕೊಡಿಸಿ "ಈ ಹುಡುಗಿ ಇಲ್ಲದ ಜಾಗವನ್ನು ಹುಟ್ಟಿಸಿದಳು" ಎಂದರು. ಮೂವತ್ತಾರರಲ್ಲಿ ಹುಡುಗಿ ಎನ್ನಿಸಿಕೊಂಡದ್ದಕ್ಕೋ ಹೊಗಳಿಕೆಗೋ, ಪುಟ್ಟಿ ಆ ಸಂಜೆ ಬಸ್ಸು ಹತ್ತದೆ ನಡೆದೇ ಮನೆಗೆ ಹೋದಳು. ತಿಂಗಳಲ್ಲಿ ಹೊಸ ಪ್ರೋಗ್ರಾಂ ತುಂಬಿದ ಮೆಮೊರಿ ಚಿಪ್ಪು, ಸಂದೇಶ ತುಂಬಿದ ಫ್ಲಾಪಿಯ ಜೊತೆ, ನಲವತ್ತೂ ಹ್ಯಾಚರಿಗೆ ಹೋಯಿತು.

ಮುಂದಿನ ತಿಂಗಳು ಒಂದು ಮಂಗಳವಾರ ಪುಟ್ಟಿ ಮನೆಗೆ ಬಂದಾಗ ಅಕ್ಕ ದೀಪ ಹಾಕದೆ ಮೇಜಿನ ಮುಂದೆ ಕೂತಿದ್ದಳು. ತಲೆಗೂದಲ ತುಂಬ ಮರಿಗಳ ಹಳದಿ ನುಣುಪು ತುಪ್ಪಳ. ದಿನಾ ಅದನ್ನು ಒದರಿಕೊಂಡು ಒಳಗೆ ಬರುವವಳು ಅವತ್ತು ಹಾಗೇ ಬಂದಿದ್ದಳು.

"ಮೂರು ಸಾವಿರ ಮರಿ ಹೋಯ್ತು ಪುಟ್ಟಿ," ಎಂದಳು. "ಮೂರು ಸಾವಿರದ ಮೇಲೇ."

ನಡೆದದ್ದನ್ನು ಅಕ್ಕ ಬಿಡಿಬಿಡಿಯಾಗಿ ಹೇಳಿದಳು. ನಾಲ್ಕು ಪೆಟ್ಟಿಗೆಗಳಲ್ಲಿ ಒಂಬತ್ತು ಸಾವಿರ ಮೊಟ್ಟೆ, ಇಪ್ಪತ್ತನೆಯ ದಿನ. ನಾಳೆಯೋ ನಾಡಿದ್ದೋ ಒಡೆಯಬೇಕಾದವು. ಪಕ್ಕದ ಕೋಣೆಯಲ್ಲಿ ಬೇರೆ ತಂಡದ ಮರಿಗಳು ಆಗಲೇ ಹೊರಗೆ ಬಂದು ತುಪ್ಪಳ ಹಾರಾಡುತ್ತಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಅಕ್ಕ ಹೊಸ ಮೊಟ್ಟೆ ಜೋಡಿಸಲು ತಣ್ಣನೆಯ ಕೋಣೆಗೆ ಹೋಗಿದ್ದಳು. ಮುಕ್ಕಾಲು ಗಂಟೆ ಬಿಟ್ಟು ಬಂದರೆ ಪರದೆಯ ಮೇಲೆ "ಎಲ್ಲಾ ಸರಿಯಿದೆ" ಎಂದೇ ಇತ್ತು. ಶಾಖ ಮೂವತ್ತೇಳೂವರೆ. ಆದರೆ ಯಾಕೋ ಮನಸ್ಸು ಒಪ್ಪಲಿಲ್ಲ. ಇಪ್ಪತ್ತನೇ ದಿನ ಮರಿಗಳು ಚಿಪ್ಪಿನೊಳಗಿಂದಲೇ ಪಿಚಿಪಿಚಿ ಅನ್ನುತ್ತವೆ. ನಾಲ್ಕನೇ ಪೆಟ್ಟಿಗೆ ಸುಮ್ಮನಿತ್ತು.

"ಬಾಗಿಲು ಸಂದಿಯಲ್ಲಿ ಕೈ ಹಾಕಿ ಒಂದು ಮೊಟ್ಟೆ ತೆಗೆದು ಕಣ್ಣುರೆಪ್ಪೆಗೆ ಇಟ್ಕೊಂಡೆ. ಸುಟ್ಟ ಹಾಗಾಯ್ತು. ಎರಡನೇ ಪೆಟ್ಟಿಗೆದೂ ಹಾಗೇ. ಎರಡರ ಬಾಗಿಲೂ ಪೂರ್ತಿ ತೆಗೆದು ಮೇನ್ ಸ್ವಿಚ್ ಆರಿಸಿದೆ."

ಹ್ಯಾಚರಿಯವರು ಶಾಖ ನೋಡಲು ಮೊಟ್ಟೆಯನ್ನು ರೆಪ್ಪೆಗೆ ಇಟ್ಟುಕೊಳ್ಳುವುದು ಯಂತ್ರ ಬರುವ ಮೊದಲಿನ ರೂಢಿ. ಅಕ್ಕನ ರೆಪ್ಪೆ ಅರ್ಧ ಡಿಗ್ರಿ ವ್ಯತ್ಯಾಸವನ್ನೂ ಹಿಡಿಯುತ್ತದೆ ಎಂದು ಹೆಸರುವಾಸಿ. ಆದರೆ ಈಗ ಗೋಡೆಯ ಮೇಲೆ ಮ್ಯಾನೇಜರು ಬರೆಸಿ ಹಾಕಿದ ಫಲಕವಿತ್ತು: ಯಂತ್ರ ಹೇಳದೆ ಬಾಗಿಲು ತೆಗೆಯಬಾರದು. ಯಂತ್ರ ಹೇಳಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅಕ್ಕ ಅಭ್ಯಾಸದಂತೆ ಫ್ಲಾಪಿ ತೆಗೆದು, ಊದಿ, ಒರೆಸಿ, ಹಾಕಿ, ಸ್ವಿಚ್ ಒತ್ತಿದಾಗ ಯಂತ್ರ ಚೆನ್ನಾಗಿಯೇ ಎದ್ದು ಕೂತು, ಎರಡನೇ ನಾಲ್ಕನೇ ಪೆಟ್ಟಿಗೆಗಳಲ್ಲಿ ಮೂವತ್ತೊಂದು ಡಿಗ್ರಿ ಎಂದು ಬರೆದಿಟ್ಟಿತು. ಸತ್ತ ಮರಿ ಬಿಸಿಗೆ ಸತ್ತಿತೋ ತಣ್ಣಗಾಗಿ ಸತ್ತಿತೋ ಯಾರು ಹೇಳಬೇಕು? ಬರೆದಿಟ್ಟ ದಾಖಲೆ ಮಾತ್ರ ಸ್ಪಷ್ಟವಾಗಿತ್ತು: ಹನ್ನೆರಡೂ ಹತ್ತಕ್ಕೆ ಎಲ್ಲಾ ಸರಿಯಿದೆ, ಅದಾದ ಮೇಲೆ ಬರೆದ ಸಾಲಿನಲ್ಲಿ ಮೂವತ್ತೊಂದು. ನಡುವೆ ಬಾಗಿಲು ತೆಗೆದವಳೂ, ಸ್ವಿಚ್ ಆರಿಸಿ ದಾಖಲೆ ನಿಲ್ಲಿಸಿದವಳೂ ಅಕ್ಕ.

"ಶನಿವಾರ ವಿಚಾರಣೆಯಂತೆ," ಎಂದಳು. "ನಿಮ್ಮ ಯಜಮಾನರನ್ನೂ ಕರೆಸ್ತಾರಂತೆ. ಒಂದು ಮಾತು ಹೇಳು. ಯಂತ್ರ ಆಗ ಗರ್ ಗರ್ ಅಂತಿತ್ತು, ಒಳಗೆ ಇಲಿ ಕೆರೆದ ಹಾಗೆ. ಪರದೆ ಮಾತ್ರ ಸರಿಯಾಗೇ ಇತ್ತು. ಅದೇನದು?"

ಪುಟ್ಟಿಗೆ ಆ ಸದ್ದು ಗೊತ್ತಿತ್ತು. ಗರ್ ಗರ್ ಎನ್ನುವುದು ಫ್ಲಾಪಿ ಓದಲು ಆಗದೆ ಮತ್ತೆ ಮತ್ತೆ ಯತ್ನಿಸುವ ಸದ್ದು. "ನೋಡ್ತೀನಿ ಅಕ್ಕ" ಎಂದಳು. ಅಷ್ಟೇ ಹೇಳಿದಳು.

ಬುಧವಾರ ಯಜಮಾನರು ಬರುವ ಮೊದಲೇ ಆಫೀಸಿನ ಬೀಗ ತೆಗೆದು, ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಯಂತ್ರ ಹಚ್ಚಿ, ಓಡುತ್ತಿರುವಾಗಲೇ ಫ್ಲಾಪಿ ಹೊರಗೆಳೆದು, ಶಾಖ ಅಳೆಯುವ ತಂತಿ ಕಿತ್ತಳು. ಪರದೆಯ ಮೇಲೆ ಏನೂ ಬರಲಿಲ್ಲ. ಅದರ ಮೊದಲಿದ್ದ "ಎಲ್ಲಾ ಸರಿಯಿದೆ" ಹಾಗೇ ನಿಂತಿತ್ತು. ಒಳಗಿಂದ ಗರ್ ಗರ್. ಒಂದು ನಿಮಿಷ, ಐದು ನಿಮಿಷ, ಹತ್ತು ನಿಮಿಷ.

ಅವಳಿಗೆ ಇದು ಹಿಂದಿನ ರಾತ್ರಿಯೇ ಗೊತ್ತಾಗಿತ್ತು, ಕಣ್ಣಾರೆ ಕಂಡಿರಲಿಲ್ಲ ಅಷ್ಟೆ. ಅರವತ್ತೊಂದು ಸಂದೇಶಗಳಲ್ಲಿ ಐವತ್ತೆಂಟನೆಯದು ಹೀಗಿತ್ತು: "ಫ್ಲಾಪಿ ಓದಲಾಗುತ್ತಿಲ್ಲ. ತೆಗೆದು ಒರೆಸಿ ಹಾಕು. ಅಲ್ಲಿಯವರೆಗೆ ಪೆಟ್ಟಿಗೆಗಳನ್ನು ನೀನೇ ನೋಡಿಕೋ." ಅದನ್ನೂ ಅವಳು ಫ್ಲಾಪಿಗೇ ಸಾಗಿಸಿದ್ದಳು. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ ಹಾಗೆ. ಹನ್ನೆರಡೂ ಇಪ್ಪತ್ತಕ್ಕೆ ಶಾಖ ಬರೆದಿಡಲು ಯಂತ್ರ ಫ್ಲಾಪಿಗೆ ಹೋಯಿತು. ತುಪ್ಪಳ ಸೇರಿ ಫ್ಲಾಪಿ ಓದಲಾಗಲಿಲ್ಲ. ಓದಲಾಗುತ್ತಿಲ್ಲ ಎಂದು ಹೇಳಲು ಮತ್ತೆ ಫ್ಲಾಪಿಗೆ ಹೋಯಿತು. ಅದೂ ಆಗಲಿಲ್ಲ ಎಂದು ಹೇಳಲು ಮತ್ತೆ ಹೋಯಿತು. ಹಾಗೆ ಹೋಗುತ್ತಾ ಬರುತ್ತಾ ಬೇರೆಲ್ಲ ಕೆಲಸ ಮರೆತಿತು. ಆ ಗಳಿಗೆಯಲ್ಲಿ ಎರಡನೇ ನಾಲ್ಕನೇ ಪೆಟ್ಟಿಗೆಗಳ ಹೀಟರು ಉರಿಯುತ್ತಿದ್ದವು, ಉರಿಯುತ್ತಲೇ ಉಳಿದವು. ಅಕ್ಕನ ರೆಪ್ಪೆ ಸರಿಯಾಗಿಯೇ ಹೇಳಿತ್ತು. ಇನ್ನರ್ಧ ಗಂಟೆ ತಡವಾಗಿದ್ದರೆ ಆ ಎರಡು ಪೆಟ್ಟಿಗೆಗಳಲ್ಲಿ ಒಂದೂ ಉಳಿಯುತ್ತಿರಲಿಲ್ಲ.

ಯಜಮಾನರು ಬಂದ ಕೂಡಲೇ ಪುಟ್ಟಿ ಎಲ್ಲ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

"ಈ ಮಾತು ಈ ಕೋಣೆ ದಾಟಬಾರದು," ಎಂದರು. "ನಲವತ್ತು ಕಡೆ ಯಂತ್ರ ಇದೆ. ಗುಲ್ಲಾದ್ರೆ ನಾಳೆ ನಲವತ್ತೂ ಕಡೆಯಿಂದ ವಾಪಸ್ ಬರುತ್ತೆ. ಎಲ್ಲರಿಗೂ ಫೋನ್ ಮಾಡಿ ದಿನಾ ಎರಡು ಸಲ ಫ್ಲಾಪಿ ಒರೆಸಿ ಅಂತೀನಿ. ನೀನು ಸದ್ದಿಲ್ಲದೆ ಹೊಸ ಚಿಪ್ಪು ಮಾಡು."

"ಅಕ್ಕನ ಕೆಲಸ ಸರ್?"

"ಫ್ಲಾಪಿ ಒರೆಸೋದು ನಡೆಸುವವರ ಜವಾಬ್ದಾರಿ. ಯಂತ್ರದ ಜೊತೆ ಕೊಟ್ಟ ಪುಸ್ತಕದ ಒಂಬತ್ತನೇ ಪುಟದಲ್ಲಿ ಬರೆದಿದೀವಿ. ಶನಿವಾರ ನಾನೇ ಮಾತಾಡ್ತೀನಿ, ನೀನು ಜೊತೆಗೆ ಬಂದು ಹೌದು ಅನ್ನು ಸಾಕು. ನಿಮ್ಮಕ್ಕನಿಗೆ ಇನ್ನೊಂದು ಕಡೆ ಕೆಲಸ ನಾನೇ ಕೊಡಿಸ್ತೀನಿ. ಅಷ್ಟು ಅನುಭವ ಇರೋರಿಗೆ ಏನು ಕಡಿಮೆ?"

ಯಜಮಾನರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಪುಟ್ಟಿಗೆ ಸುಲಭವಾಗುತ್ತಿತ್ತು. ಎಲ್ಲವನ್ನೂ ಅವರ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಅವಳ ಬಾಯಿ ಕಟ್ಟಿದ್ದು ಅವರೊಬ್ಬರೇ ಅಲ್ಲ. "ಇಲ್ಲದ ಜಾಗವನ್ನು ಹುಟ್ಟಿಸಿದಳು" ಎಂಬ ಮಾತು ಇನ್ನೂ ಕಿವಿಯಲ್ಲಿತ್ತು. ತಾನು ಮಾಡಿದ ಅತ್ಯಂತ ಜಾಣ ಕೆಲಸವೇ ಅತ್ಯಂತ ದಡ್ಡ ಕೆಲಸ ಎಂದು ಅಕ್ಕನ ಮುಂದೆ ಹೇಳುವುದು ಹೇಗೆ? ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಶನಿವಾರದೊಳಗೆ ಏನಾದರೂ ಆಗಿ ಎಲ್ಲ ತಾನಾಗಿ ಸರಿಹೋದೀತು ಎಂದುಕೊಂಡಳು. ಲೋಕದಲ್ಲಿ ಎಷ್ಟು ಜನ ಎಷ್ಟು ಸಲ ಹಾಗೆ ಅಂದುಕೊಂಡಿಲ್ಲ, ಎಲ್ಲಿ ಯಾವುದು ತಾನಾಗಿ ಸರಿಹೋಗಿದೆ!

ಅಕ್ಕನನ್ನು ಶನಿವಾರದವರೆಗೆ ಕೆಲಸಕ್ಕೆ ಬರಬೇಡ ಎಂದಿದ್ದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳು ವಾರದ ನಡುವೆ ಮನೆಯಲ್ಲಿದ್ದಳು. ಇದ್ದ ಪಾತ್ರೆಗಳನ್ನೆಲ್ಲ ತೊಳೆದು ಒರೆಸಿ, ಮತ್ತೆ ತೊಳೆದಳು. ಗುರುವಾರ ಸಂಜೆ ಪುಟ್ಟಿ ಬಂದಾಗ ಅಕ್ಕ ಅಡುಗೆಮನೆಯ ನಲ್ಲಿಯ ಮುಂದೆ ನಿಂತು ಮುಖಕ್ಕೆ ತಣ್ಣೀರು ಎರಚಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಬೆಚ್ಚಗಿನ ನೀರು ತುಂಬಿದ ಒಂದು ಲೋಟ. ಮುಖ ಒರೆಸದೆ ಲೋಟವನ್ನು ಎತ್ತಿ ಮುಚ್ಚಿದ ರೆಪ್ಪೆಗೆ ಇಟ್ಟುಕೊಂಡಳು. ಆಮೇಲೆ ಒಣಬಟ್ಟೆಯಿಂದ ಮುಖ ತಿಕ್ಕಿ ಬೆಚ್ಚಗೆ ಮಾಡಿಕೊಂಡು ಅದೇ ಲೋಟವನ್ನು ಮತ್ತೆ ಇಟ್ಟುಕೊಂಡಳು.

"ಏನು ಮಾಡ್ತಿದೀಯಾ ಅಕ್ಕ?"

"ಅವತ್ತು ನಾನು ತಣ್ಣನೆ ಕೋಣೆಯಿಂದ ಬಂದಿದ್ದೆನಲ್ಲ. ಮುಖ ಆಗಲೇ ತಣ್ಣಗಿತ್ತು. ಮುಖ ತಣ್ಣಗಿದ್ರೆ ಸರಿಯಾಗಿರೋ ಮೊಟ್ಟೆನೂ ಸುಟ್ಟ ಹಾಗೇ ಅನ್ಸುತ್ತೆ." ಲೋಟ ಕೆಳಗಿಟ್ಟಳು. "ನೋಡ್ದೆ. ಹೌದು, ಅನ್ಸುತ್ತೆ."

ಆಗ ಹೇಳಬಹುದಿತ್ತು. ಬಾಯಿ ತೆರೆದರೆ ಸಾಕಿತ್ತು. ಪುಟ್ಟಿ ಕೈಕಾಲು ತೊಳೆಯಲು ಹೋದಳು.

ಶುಕ್ರವಾರ ಊಟಕ್ಕೆ ಕೂತಾಗ ಅಕ್ಕ ತುತ್ತು ಕಲೆಸುತ್ತಾ ಕೇಳಿದಳು. "ನಿಜ ಹೇಳು ಪುಟ್ಟಿ. ನಿನ್ನ ಯಂತ್ರ ಸುಳ್ಳು ಹೇಳುತ್ತಾ?"

"ಯಂತ್ರಕ್ಕೆ ಸುಳ್ಳು ಹೇಳೋಕೆ ಬರಲ್ಲ ಅಕ್ಕ."

ಅದು ನಿಜವೇ. ಆದರೂ ಅದಕ್ಕಿಂತ ದೊಡ್ಡ ಸುಳ್ಳನ್ನು ಪುಟ್ಟಿ ಹುಟ್ಟಿದಾಗಿನಿಂದ ಹೇಳಿರಲಿಲ್ಲ. ಅಕ್ಕ ತಲೆಯಾಡಿಸಿದಳು, "ಹಾಗಾದ್ರೆ ನಾನೇ ಸಾಯಿಸಿದೆ" ಎಂದು ಕೈತೊಳೆಯಲು ಎದ್ದಳು. ತಟ್ಟೆಯಲ್ಲಿ ಊಟ ಅರ್ಧ ಉಳಿದಿತ್ತು.

ಶನಿವಾರ ಮ್ಯಾನೇಜರ ಕೋಣೆಯಲ್ಲಿ ನಾಲ್ಕು ಕುರ್ಚಿ ಹಾಕಿದ್ದರು. ಮ್ಯಾನೇಜರು ಕಡಿಮೆ ಮಾತಿನ, ತೂಕದ ಮನುಷ್ಯ. ಮೇಜಿನ ಮೇಲೆ ಯಂತ್ರದ ದಾಖಲೆಯ ಉದ್ದನೆಯ ಕಾಗದ ಹರಡಿ, ಹನ್ನೆರಡೂ ಹತ್ತರ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದರು. ಯಜಮಾನರು ಒಂಬತ್ತನೇ ಪುಟ ತೆರೆದು ತುಪ್ಪಳದ ವಿಷಯ, ಒರೆಸುವ ವಿಷಯ ಹೇಳಿದರು. ಹೇಳುವಾಗ ಅಕ್ಕನ ಕಡೆ ನೋಡಲಿಲ್ಲ, ಅಷ್ಟು ನಾಚಿಕೆ ಅವರಿಗಿತ್ತು.

"ಒರೆಸಿರಲಿಲ್ವೇನಮ್ಮ?" ಎಂದರು ಮ್ಯಾನೇಜರು.

"ಬೆಳಗ್ಗೆ ಒರೆಸಿದ್ದೆ ಸರ್. ದಿನಾ ಒರೆಸ್ತೀನಿ."

"ಯಂತ್ರ ಏನೂ ಹೇಳ್ಲಿಲ್ಲ. ಆದ್ರೂ ಬಾಗಿಲು ತೆಗೆದ್ರಿ. ಯಾಕೆ?"

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಮಂಗಳವಾರ ಆಗಿದ್ದರೆ ಅವಳು ನೆಟ್ಟಗೆ ನಿಂತು ಹೇಳುತ್ತಿದ್ದಳು, ಮ್ಯಾನೇಜರ ಕೈಗೇ ಒಂದು ಮೊಟ್ಟೆ ಕೊಟ್ಟು ರೆಪ್ಪೆಗೆ ಇಟ್ಟು ನೋಡಿ ಎನ್ನುತ್ತಿದ್ದಳು. ಇದು ಶನಿವಾರ.

"ನನ್ನ ರೆಪ್ಪೆ ತಪ್ಪಿತು ಸರ್," ಎಂದಳು. "ತಣ್ಣನೆ ಕೋಣೆಯಿಂದ ಬಂದಿದ್ದೆ. ತಪ್ಪು ನನ್ನದೇ. ಎಲ್ಲಿ ಬರೀಬೇಕು ಹೇಳಿ, ಬರೆದುಕೊಡ್ತೀನಿ."

ಮ್ಯಾನೇಜರು ಒಂದು ಹಾಳೆ ಮುಂದಿಟ್ಟರು. ಅಕ್ಕ ಪೆನ್ನು ತೆಗೆದುಕೊಂಡು, ಹಾಳೆಯ ಅಕ್ಷರಗಳ ಕೆಳಗೆ ಬೆರಳಿಟ್ಟು ನಿಧಾನಕ್ಕೆ ಓದತೊಡಗಿದಳು. ಮೊದಲ ಸಾಲು ಮುಗಿದು ಎರಡನೆಯದಕ್ಕೆ ಬೆರಳು ಬಂತು.

"ಸಹಿ ಹಾಕ್ಬೇಡ ಅಕ್ಕ," ಎಂದಳು ಪುಟ್ಟಿ. ಕುರ್ಚಿ ಹಿಂದೆ ತಳ್ಳಿ ಎದ್ದಳು. "ಸರ್, ಒಂದು ನಿಮಿಷ ಯಂತ್ರದ ಕೋಣೆಗೆ ಬನ್ನಿ."

"ಏಯ್," ಎಂದರು ಯಜಮಾನರು. ಅವಳು ಆಗಲೇ ಬಾಗಿಲು ದಾಟಿದ್ದಳು.

ನಾಲ್ಕನೇ ಪೆಟ್ಟಿಗೆ ಖಾಲಿಯಿತ್ತು. ಪುಟ್ಟಿ ಎಲ್ಲರ ಕಣ್ಣೆದುರು ಫ್ಲಾಪಿ ಹೊರಗೆಳೆದು, ನಾಲ್ಕನೇ ಪೆಟ್ಟಿಗೆಯ ಶಾಖದ ತಂತಿ ಕಿತ್ತು ಕೈಯಲ್ಲಿ ಹಿಡಿದಳು. ಯಂತ್ರ ಗರ್ ಗರ್ ಎಂದಿತು. ಪರದೆಯ ಮೇಲೆ ಎಲ್ಲಾ ಸರಿಯಿದೆ.

"ತಂತಿ ನನ್ನ ಕೈಯಲ್ಲಿದೆ ಸರ್. ಆದ್ರೂ ಸರಿಯಿದೆ ಅಂತಿದೆ. ಈಗ ಪೆಟ್ಟಿಗೆಗೆ ಬೆಂಕಿ ಹತ್ತಿದ್ರೂ ಹೀಗೇ ಅಂತಿರುತ್ತೆ. ಮಂಗಳವಾರ ಆಗಿದ್ದು ಇದೇ."

ಮ್ಯಾನೇಜರು ಕೈಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ನಿಂತರು. ಆಮೇಲೆ "ಯಾಕೆ?" ಎಂದರು.

ಪುಟ್ಟಿ ಹೇಳಿದಳು. ಜಾಗ ಉಳಿಸಲು ಮಾತುಗಳನ್ನೆಲ್ಲ ಫ್ಲಾಪಿಗೆ ಸಾಗಿಸಿದ್ದು, ಫ್ಲಾಪಿ ಕೆಟ್ಟಿದೆ ಎನ್ನುವ ಮಾತನ್ನೂ ಫ್ಲಾಪಿಯಲ್ಲೇ ಇಟ್ಟದ್ದು. "ಅದೊಂದನ್ನು ಒಳಗೇ ಬಿಡಬೇಕಿತ್ತು. ನೂರು ಅಕ್ಷರವೂ ಇಲ್ಲ. ನನಗೆ ಹೊಳೀಲಿಲ್ಲ. ತುಪ್ಪಳದ ತಪ್ಪಲ್ಲ, ಅಕ್ಕನದಂತೂ ಅಲ್ಲವೇ ಅಲ್ಲ, ತಪ್ಪು ನನ್ನದು. ಇನ್ನೂ ಮೂವತ್ತೊಂಬತ್ತು ಕಡೆ ಇದೇ ತಪ್ಪು ಓಡ್ತಾ ಇದೆ. ಅವರಿಗೂ ಇವತ್ತೇ ತಿಳಿಸಬೇಕು."

ಯಜಮಾನರು ಕನ್ನಡಕ ಒರೆಸಲಿಲ್ಲ. ಅದನ್ನು ತೆಗೆದು ಜೇಬಿಗೆ ಹಾಕಿಕೊಂಡರು. "ಮೊದಲು ನಲವತ್ತೂ ಚಿಪ್ಪು ನಿನ್ನ ಕೈಯಿಂದಲೇ ಬದಲಾಯಿಸು. ಆಮೇಲೆ ನಮ್ಮ ಮಾತು," ಎಂದು ಹೇಳಿ ಕಾರಿನ ಕಡೆ ನಡೆದರು. ಅದರಲ್ಲಿ ಸಿಟ್ಟು ಎಷ್ಟು, ಸಮಾಧಾನ ಎಷ್ಟು ಎಂದು ಪುಟ್ಟಿಗೆ ಗೊತ್ತಾಗಲಿಲ್ಲ.

ಮ್ಯಾನೇಜರು ಕೋಣೆಗೆ ಹೋಗಿ ಆ ಹಾಳೆಯನ್ನು ತಂದು ಅಕ್ಕನ ಮುಂದೆಯೇ ಎರಡು ತುಂಡು ಮಾಡಿದರು. "ನೀವು ಬಾಗಿಲು ತೆಗೀದಿದ್ರೆ ಎರಡು ಪೆಟ್ಟಿಗೆಯಲ್ಲಿ ಒಂದೂ ಉಳೀತಿರಲಿಲ್ಲ," ಎಂದರು. "ಕ್ಷಮಿಸಿ ಅಮ್ಮ. ಇವತ್ತಿನಿಂದಲೇ ಕೆಲಸಕ್ಕೆ ನಿಲ್ತೀರಾ?" ಅಕ್ಕ ಹ್ಞೂಂ ಎಂದಳು. ಅವಳ ಮುಖದಲ್ಲಿ ಸಂತೋಷ ಕಾಣಲಿಲ್ಲ. ಅವಳು ಏನೋ ಎಣಿಸುತ್ತಿದ್ದಳು.

ಪುಟ್ಟಿಯನ್ನು ಗೇಟಿನವರೆಗೆ ಬಿಡಲು ಬಂದಳು. ಗೇಟಿನ ಹತ್ತಿರ ನಿಂತು ಕೇಳಿದಳು.

"ನಿನಗೆ ಯಾವಾಗ ಗೊತ್ತಾಯ್ತು?"

ಸುಳ್ಳಿಗೆ ಬೇಕಾದಷ್ಟು ಜಾಗವಿತ್ತು. ಇವತ್ತು ಬೆಳಗ್ಗೆ ಎಂದರೆ ಅಕ್ಕ ನಂಬುತ್ತಿದ್ದಳು. ತಂಗಿ ಹೇಳಿದ್ದನ್ನು ಅವಳು ನಂಬದಿದ್ದ ದಿನವೇ ಇರಲಿಲ್ಲ.

"ಮಂಗಳವಾರ ನೀನು ಗರ್ ಗರ್ ಅಂದಾಗ್ಲೇ ಅನುಮಾನ ಬಂತು. ಬುಧವಾರ ಬೆಳಗ್ಗೆ ನೋಡ್ದೆ."

ಅಕ್ಕ ಬೆರಳು ಮಡಚಿದಳು. "ಬುಧ, ಗುರು, ಶುಕ್ರ, ಶನಿ." ನಾಲ್ಕು ಬೆರಳೂ ಮಡಚಿದ ಕೈಯನ್ನು ನೋಡುತ್ತಾ ನಿಂತಳು. "ನಾನು ಲೋಟ ಹಿಡ್ಕೊಂಡು ನಿಂತಾಗ ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ನಿನ್ನೆ ಊಟಕ್ಕೆ ಕೂತಾಗ್ಲೂ."

"ಹ್ಞೂಂ. ಅಕ್ಕ, ನಾನು..."

"ಕೆಲಸ ಹೋಗಿದ್ರೆ ಇನ್ನೊಂದು ಸಿಗ್ತಿತ್ತು ಕಣೇ. ತಪ್ಪು ಯಾರು ಮಾಡಲ್ಲ? ನಾನು ಎಷ್ಟು ಮೊಟ್ಟೆ ಒಡೆದಿಲ್ಲ! ಆದ್ರೆ ಹನ್ನೊಂದು ವರ್ಷ ನಂಬಿದ್ದ ನನ್ನ ಕಣ್ಣುರೆಪ್ಪೇನ ನಾಲ್ಕು ದಿನ ನಾನೇ ಬೈದೆ. ನೀನು ಎದುರಿಗೆ ಕೂತು ಊಟ ಮಾಡ್ತಿದ್ದೆ." ಅಕ್ಕನ ದನಿ ಏರಲಿಲ್ಲ. ಏರಿದ್ದರೆ ಪುಟ್ಟಿ ತಡೆದುಕೊಳ್ಳುತ್ತಿದ್ದಳು. "ನಾಲ್ಕು ದಿನ ನನ್ನ ಹತ್ರ ಮಾತಾಡ್ಬೇಡ. ಐದನೇ ದಿನ ನಾನೇ ಕರೀತೀನಿ."

ಹೇಳಿ ಒಳಗೆ ಹೋದಳು. ಒಳಗೆ ಹೊಸ ಮೊಟ್ಟೆಗಳ ಗಾಡಿ ಬಂದು ನಿಂತಿತ್ತು.

ಪುಟ್ಟಿ ಆಫೀಸಿಗೆ ಹೋಗಿ ಮೂವತ್ತೊಂಬತ್ತು ಕಡೆಗೂ ತಾನೇ ಫೋನು ಮಾಡಿದಳು. ಕೆಲವರು ಬೈದರು, ಒಬ್ಬರು ಹೇಳಿದ್ದಕ್ಕೆ ಉಪಕಾರವಾಯಿತು ಎಂದರು. ಐವತ್ತೆಂಟನೆಯ ಸಂದೇಶವನ್ನು ಮೆಮೊರಿಯ ಒಳಕ್ಕೆ ತಂದು ಹಾಕಿ, ಮೊದಲ ಚಿಪ್ಪು ಬರೆದು, ಫ್ಲಾಪಿ ಹತ್ತು ಸಲ ಹೊರಗೆಳೆದು ನೋಡಿದಳು. ಹತ್ತು ಸಲವೂ ಯಂತ್ರ ಬಾಯಿಬಿಟ್ಟು ಹೇಳಿತು. ಆ ಕೆಲಸಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು.

ಸಂಜೆ ಅಕ್ಕ ಬಂದಳು, ಬಾಗಿಲಲ್ಲೇ ತುಪ್ಪಳ ಒದರಿಕೊಂಡಳು, ಅಡುಗೆ ಮಾಡಿದಳು. ಎರಡು ತಟ್ಟೆ ಇಟ್ಟಳು. ಪುಟ್ಟಿಯ ತಟ್ಟೆಗೆ ಎಂದಿನಂತೆ ಮೊದಲು ಬಡಿಸಿದಳು, ಎಂದಿನಷ್ಟೇ ಬಡಿಸಿದಳು. ಇಬ್ಬರೂ ಎದುರುಬದುರು ಕೂತು ಊಟ ಮಾಡಿದರು. ಪುಟ್ಟಿಗೆ ಹೇಳಲು ಎಷ್ಟೋ ಇತ್ತು. ಬಾಯಿಯವರೆಗೆ ಬಂದದ್ದನ್ನು ಒಂದೊಂದಾಗಿ ತುತ್ತಿನ ಜೊತೆ ನುಂಗಿದಳು. ಎದುರಿಗಿರುವವರಿಗೆ ಗೊತ್ತಿರುವ ಮಾತು ತನಗೆ ಸಿಗದೆ ಕೂತಿರುವುದು ಹೇಗಿರುತ್ತದೆ ಎಂದು ಅವಳಿಗೆ ಅರ್ಥವಾಗತೊಡಗಿತು. ಗಡಿಯಾರ ನೋಡಿದಳು. ಇನ್ನೂ ಮೊದಲನೆಯ ದಿನವೇ ಮುಗಿದಿರಲಿಲ್ಲ.